ಹತ್ತು ತಲೆ ಲೆಕ್ಕಕ್ಕೆ ಸಿಗದ ಕೆಲಸಗಳು: ಹೊಸ ಸುರಕ್ಷತಾ ಕಾನೂನಿನಲ್ಲಿ ನಮ್ಮ ಕಾಸರಗೋಡು ಎಲ್ಲಿದೆ?

ಸುರಂಗದ ನೀರು, ಪೆರ್ಲ:

ಸ್ವಲ್ಪ ಉದ್ದ ಆಗಬಹುದು, ಚಾ ಇಟ್ಟುಕೊಂಡು ಓದಿ.

ಮೂರು ವರ್ಷದ ಹಿಂದೆ ನನ್ನ ಭಾವ ಸಾರಣೆ (ಗೋಡೆಗೆ ಸಿಮೆಂಟ್ ಬಳಿಯುವ) ಕೆಲಸ ಮಾಡುವಾಗ ಮಾಳಿಗೆ ಮನೆಯ ಸನ್‌ಶೇಡಿನಿಂದ ಬಿದ್ದರು. ಕಟ್ಟಿದ್ದು ಅಡಿಕೆ ಮರದ ಸಾರವೆ. ಒಂದು ಬದಿಯ ಹಗ್ಗ ಮಳೆಗೆ ನೆನೆದು ನೆನೆದು ಕೊಳೆತಿತ್ತು. ಕೆಳಗೆ ಜಲ್ಲಿ ರಾಶಿ ಇದ್ದದ್ದರಿಂದ ಜೀವ ಉಳಿಯಿತೋ, ಜಲ್ಲಿ ರಾಶಿ ಇದ್ದದ್ದರಿಂದಲೇ ಸೊಂಟ ಮುರಿಯಿತೋ, ಮನೆಯಲ್ಲಿ ಈಗಲೂ ಚರ್ಚೆ ಉಂಟು.

ಬಿದ್ದ ಕತೆ ಇರಲಿ. ಆಸ್ಪತ್ರೆಯಲ್ಲಿ ಆದದ್ದು ಕೇಳಿ. ಚೀಟಿ ಬರೆಯುವವರು "ಎಲ್ಲಿ ಬಿದ್ದದ್ದು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಂಟ್ರಾಕ್ಟರ್ "ಮನೆಯಲ್ಲಿ, ಏಣಿಯಿಂದ ಜಾರಿದ್ದು" ಎಂದರು. ನನ್ನ ಕೈಯನ್ನು ಮೆಲ್ಲಗೆ ಒತ್ತಿದರು. "ಕೆಲಸದ ಜಾಗ ಅಂತ ಬರೆಸಿದರೆ ಪೊಲೀಸರಿಗೆ ಹೋಗ್ತದೆ, ಸುಮ್ನೆ ತಲೆನೋವು. ಬಿಲ್ಲು ನಾನು ನೋಡಿಕೊಳ್ತೇನೆ." ಆ ಗಡಿಬಿಡಿಯಲ್ಲಿ ನನಗೂ ಅದೇ ಸರಿ ಎನಿಸಿತು. ಮೊದಲ ಎರಡು ಬಿಲ್ಲು ಅವರೇ ಕಟ್ಟಿದರು. ಮೂರನೆಯದಕ್ಕೆ ಫೋನ್ ಎತ್ತಲಿಲ್ಲ. ಆಮೇಲೆ ಪರಿಹಾರಕ್ಕೆ ಕೇಳಲು ಹೋದಾಗ ಎಲ್ಲರೂ ಆ ಚೀಟಿಯನ್ನೇ ತೋರಿಸಿದರು. ಮನೆಯಲ್ಲಿ ಬಿದ್ದದ್ದಲ್ವಾ?

ಈಗ ಹೊಸ ಕಾನೂನಿನ ಮಾತು. 2020ರಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾದ ಕೆಲಸದ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಯ ಸಂಹಿತೆಯನ್ನು ಕೇಂದ್ರ 2025ರ ನವೆಂಬರ್ 21ರಿಂದ ಜಾರಿಗೆ ತಂದಿತು. ಕಾರ್ಖಾನೆ, ಗಣಿ, ಪ್ಲಾಂಟೇಶನ್, ಬೀಡಿ, ಕಟ್ಟಡ, ಗುತ್ತಿಗೆ ಕೆಲಸ, ಹೊರರಾಜ್ಯದ ಕೆಲಸಗಾರರು, ಎಲ್ಲ ಸೇರಿ 13 ಹಳೆ ಕಾಯ್ದೆಗಳನ್ನು ಒಂದೇ ಪುಸ್ತಕ ಮಾಡಿದ್ದಾರೆ. ಕೇರಳದ ಕಾರ್ಮಿಕ ಸಚಿವರು ಆಗಲೇ ನಾವು ಇದನ್ನು ಜಾರಿ ಮಾಡುವುದಿಲ್ಲ ಎಂದರು. ಆ ರಾಜಕೀಯ ಇಲ್ಲಿ ಬೇಡ. ನಾನು ಓದಿದ್ದು ಭಾವನ ಕಣ್ಣಿನಿಂದ.

ಒಳ್ಳೆಯದು ಇಲ್ಲ ಎಂದಲ್ಲ. ಕೆಲಸಕ್ಕೆ ಸೇರಿದವರಿಗೆ ನೇಮಕದ ಪತ್ರ ಕೊಡಲೇಬೇಕು. ನಿಯಮ ತಪ್ಪಿದ್ದರಿಂದ ಯಾರಾದರೂ ಸತ್ತರೆ ದಂಡ 5 ಲಕ್ಷಕ್ಕೆ ಕಡಿಮೆ ಇಲ್ಲ, ಎರಡು ವರ್ಷದವರೆಗೆ ಜೈಲೂ ಆಗಬಹುದು. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟನ್ನು ಮನೆಯವರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರ ಉಂಟು.

ಆದರೆ ಕಟ್ಟಡ ಕೆಲಸ ಎಂದರೆ ಏನು ಅಂತ ಹೇಳುವ ಸಾಲಿಗೆ ಬಂದಾಗ ನನಗೆ ನಗು ಬಂತು. ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಅದು ಲೆಕ್ಕಕ್ಕಿಲ್ಲ. ಸ್ವಂತ ವಾಸದ ಮನೆ, ಖರ್ಚು 50 ಲಕ್ಷದೊಳಗೆ ಇದ್ದರೆ ಅದೂ ಇಲ್ಲ. 1996ರ ಕಾಯ್ದೆಯಲ್ಲಿ ಈ ಗೆರೆ 10 ಲಕ್ಷದಲ್ಲಿತ್ತು. ರೇಟು ಏರಿದೆ, ಗೆರೆಯೂ ಏರಬೇಕು ಎನ್ನಬಹುದು. ಆದರೆ ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು ಸುತ್ತಿ ಬನ್ನಿ. ಕಟ್ಟುತ್ತಿರುವ ಮನೆಗಳಲ್ಲಿ 50 ಲಕ್ಷ ದಾಟುವುದು ಎಷ್ಟು? ಒಂದು ಸೈಟಿನಲ್ಲಿ ಹತ್ತು ಜನ ಇರುವುದು ಸ್ಲ್ಯಾಬ್ ಹಾಕುವ ದಿನ ಮಾತ್ರ. ಭಾವ ಬಿದ್ದ ದಿನ ಅಲ್ಲಿದ್ದವರು ಆರು ಮಂದಿ.

ನಿಮ್ಮ ನಿಮ್ಮ ಕೆಲಸದಲ್ಲಿ ಹೇಗೆ ಅಂತ ಬರೆಯಿರಿ. ಬೈಯುವುದಿದ್ದರೂ ಬೈಯಿರಿ.

ಮುಳ್ಳೇರಿಯ ಮೇಸ್ತ್ರಿ:

ಬೈಗುಳ ನಮಗೇ ಅಂತ ಗೊತ್ತಾಯಿತು. ಇರಲಿ.

ನಾನು ಇಪ್ಪತ್ತೆರಡು ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ. ಕೊಟೇಶನ್ ಕೊಡುವಾಗ ಕಬ್ಬಿಣದ ಪೈಪಿನ ಸಾರವೆಯ ಬಾಡಿಗೆ ಬರೆದರೆ ಮನೆಯವರು ಮೊದಲು ಹೊಡೆದು ಹಾಕುವುದು ಅದನ್ನೇ. "ನಮ್ಮ ತೋಟದಲ್ಲೇ ಅಡಿಕೆ ಮರ ಬಿದ್ದಿದೆಯಲ್ವಾ ಮೇಸ್ತ್ರಿಗಳೇ, ಅದರಲ್ಲೇ ಕಟ್ಟಿ." ಟೈಲ್ಸಿಗೆ ಚದರ ಅಡಿಗೆ ಮೂವತ್ತು ರೂಪಾಯಿ ಜಾಸ್ತಿ ಕೊಡಲು ಒಬ್ಬರೂ ಹಿಂದೆಮುಂದೆ ನೋಡುವುದಿಲ್ಲ.

ಎರಡು ಬೆಲ್ಟ್ ತಂದೆ, ಮೈಗೆಲ್ಲ ಹಾಕುವಂಥದ್ದು, ಕೊಂಡಿ ಇರುವುದು. ಹಾಕಿದ್ದು ಒಂದು ವಾರ. "ಅಣ್ಣ, ಕೊಂಡಿ ಹಾಕಿ ತೆಗೆದು ಹಾಕಿ ತೆಗೆದು ಮಧ್ಯಾಹ್ನ ಆಗ್ತದೆ" ಎಂದರು ಹುಡುಗರು. ಅವರದ್ದೂ ಸುಳ್ಳಲ್ಲ, ಸಾರಣೆ ಕೆಲಸ ಗುತ್ತಿಗೆಗೆ ಕೊಟ್ಟದ್ದು, ಎಷ್ಟು ಬಳಿದರೋ ಅಷ್ಟು ದುಡ್ಡು. ಈಗ ಆ ಬೆಲ್ಟ್ ಶೆಡ್ಡಿನ ಮೊಳೆಯಲ್ಲಿ ನೇತಾಡುತ್ತಿದೆ. ಒಂದರಲ್ಲಿ ಇಲಿ ಮರಿ ಹಾಕಿತ್ತು.

ಆಸ್ಪತ್ರೆಯಲ್ಲಿ ಸುಳ್ಳು ಬರೆಸಿದ್ದು ಮಾತ್ರ ತಪ್ಪು. ಅದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ.

ಬೀಡಿ ಎಲೆ, ಉಪ್ಪಳ:

ತಲೆ ಲೆಕ್ಕ ಎಂದಿರಲ್ಲ, ನಮ್ಮ ಮನೆಯದ್ದು ಹೇಳುತ್ತೇನೆ. ಅಮ್ಮ, ಅಕ್ಕ, ನಾನು. ಒಟ್ಟು ಮೂರು. ಅಜ್ಜಿ ಇದ್ದಾಗ ನಾಲ್ಕು. ಕೆಲಸದ ಜಾಗ: ಜಗಲಿ.

ರಾತ್ರಿ ಎಲೆ ನೆನೆ ಹಾಕುವುದು, ಬೆಳಿಗ್ಗೆ ಅಳತೆಗೆ ಕತ್ತರಿಸುವುದು, ಆಮೇಲೆ ತಡ್ಪೆ (ಮೊರ) ಮಡಿಲಲ್ಲಿ ಇಟ್ಟುಕೊಂಡು ಕೂತರೆ ಸಂಜೆವರೆಗೆ. ತಡ್ಪೆಯಲ್ಲಿ ಹೊಗೆಸೊಪ್ಪಿನ ಪುಡಿ. ಫ್ಯಾನ್ ಹಾಕುವ ಹಾಗಿಲ್ಲ, ಪುಡಿ ಹಾರುತ್ತದೆ. ಮಳೆಗಾಲದಲ್ಲಿ ಕಿಟಕಿ ಬಾಗಿಲೂ ಹಾಕಬೇಕು, ಎಲೆಗೆ ತೇವ ಜಾಸ್ತಿ ಆದರೆ ಬೂಸಲು. ಮೂರು ಹೆಂಗಸರು, ಮುಚ್ಚಿದ ಕೋಣೆ, ಹೊಗೆಸೊಪ್ಪಿನ ಘಾಟು. ಅಜ್ಜಿ ಜೀವನದಲ್ಲಿ ಒಂದು ಬೀಡಿ ಸೇದಿದವಳಲ್ಲ. ಸಾಯುವವರೆಗೂ ಕೆಮ್ಮಿದಳು.

ಮಗುವಾಗಿದ್ದಾಗ ನನ್ನನ್ನು ಮಲಗಿಸುತ್ತಿದ್ದದ್ದು ಅದೇ ಜಗಲಿಯಲ್ಲಿ. ಕಾರ್ಖಾನೆ ಒಳಗೆ ತೊಟ್ಟಿಲು ಕಟ್ಟಲು ಯಾರಾದರೂ ಬಿಡುತ್ತಾರಾ? ಮನೆ ಆದ್ದರಿಂದ ಯಾರೂ ಕೇಳುವುದಿಲ್ಲ.

1966ರಿಂದ ಬೀಡಿಯವರಿಗೆ ಬೇರೆಯೇ ಕಾಯ್ದೆ ಇತ್ತು. 1976ರಲ್ಲಿ ಬೀಡಿ ಮೇಲೆ ಸೆಸ್ ಹಾಕಿ ಆ ದುಡ್ಡಿನಲ್ಲಿ ನಮಗೆ ಆಸ್ಪತ್ರೆ, ಮಕ್ಕಳಿಗೆ ಸ್ಕಾಲರ್‌ಶಿಪ್ ಅಂತ ಮಾಡಿದ್ದರು. ನಾನು ಹೈಸ್ಕೂಲ್ ಓದಿದ್ದು ಆ ಸ್ಕಾಲರ್‌ಶಿಪ್ಪಿನಲ್ಲಿ. 2017ರಲ್ಲಿ ಜಿಎಸ್‌ಟಿ ಬರುವಾಗ ಸೆಸ್ ಹೋಯಿತು. ಈಗ ಬೀಡಿ ಕಾಯ್ದೆಯೂ ದೊಡ್ಡ ಪುಸ್ತಕದೊಳಗೆ ಹೋಗಿದೆ. ಅಲ್ಲಿ ನಮ್ಮ ಜಗಲಿಯನ್ನು ಯಾವ ಪುಟದಲ್ಲಿ ಹುಡುಕಬೇಕೋ.

ಶಿಫ್ಟ್ ಬಿ, ಮಂಜೇಶ್ವರ:

ನಾನು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಯಾವುದು, ಎಲ್ಲಿ ಕೇಳಬೇಡಿ.

ಮೇಲಿನವರು ಒಂದು ವಿಷಯ ಬಿಟ್ಟಿದ್ದಾರೆ. 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಕರೆಂಟ್ ಬಳಸುವ ಕಡೆ 10 ಜನ ಇದ್ದರೆ ಕಾರ್ಖಾನೆ, ಕರೆಂಟ್ ಇಲ್ಲದಿದ್ದರೆ 20. ಹೊಸದರಲ್ಲಿ ಅದು 20 ಮತ್ತು 40 ಆಗಿದೆ. ಹದಿನೈದು ಜನರ ಗರಗಸದ ಮಿಲ್ಲು ನಿನ್ನೆ ಕಾರ್ಖಾನೆ, ಇವತ್ತು ಅಲ್ಲ. ಗರಗಸ ಅದೇ, ಬೆರಳೂ ಅದೇ. ಹತ್ತು ದಾಟಿದ್ದರಿಂದ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅದಕ್ಕೂ ಅನ್ವಯಿಸುತ್ತವೆ, ಆದರೆ ಕಾರ್ಖಾನೆಗೆ ಅಂತ ಇರುವ ಬಿಗಿ ಅಲ್ಲಿಗೆ ಬರುವುದಿಲ್ಲ.

ಇನ್ನೊಂದು ಕಡೆ ಬಿಗಿ ಜಾಸ್ತಿ ಮಾಡಿದ್ದಾರೆ, ಅದನ್ನೂ ಹೇಳಬೇಕು. ಮೊದಲು 1,000 ಜನ ಇದ್ದಲ್ಲಿ ಸೇಫ್ಟಿ ಆಫೀಸರ್ ಕಡ್ಡಾಯ ಇತ್ತು. ಈಗ ಕಾರ್ಖಾನೆಗೆ 500, ಅಪಾಯದ ಕೆಲಸ ಆದರೆ 250. ಒಳ್ಳೆಯದೇ. ಆದರೆ ಕುಂಬಳೆಯಿಂದ ತಲಪಾಡಿವರೆಗೆ 250 ಜನರ ಕಾರ್ಖಾನೆ ಹುಡುಕಲು ಟಾರ್ಚ್ ಬೇಕು.

ನನಗೆ ಜಾಸ್ತಿ ಚುಚ್ಚುವುದು ಬೋರ್ಡು. ನಮ್ಮಲ್ಲಿ "ಅಪಾಯ, ಯಂತ್ರ ನಿಲ್ಲಿಸದೆ ಕೈ ಹಾಕಬೇಡಿ" ಎಂದು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬರೆದಿದೆ. ಪ್ರೆಸ್ ಮೇಲೆ ಕೆಲಸ ಮಾಡುವವರು ಅಸ್ಸಾಂ, ಬಂಗಾಳದ ಭಾಯಿಗಳು. ಪ್ಯಾಕಿಂಗಿನಲ್ಲಿ ತುಳು, ಕನ್ನಡದ ಹೆಂಗಸರು. ಆ ಬೋರ್ಡನ್ನು ಸರಿಯಾಗಿ ಓದುವುದು ನಾನು ಮತ್ತು ವಾಚ್‌ಮನ್. ಹಳೆ ಫ್ಯಾಕ್ಟರಿ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿ ಸ್ಪಷ್ಟವಾಗಿತ್ತು: ನೋಟಿಸು ಇಂಗ್ಲಿಷಿನಲ್ಲಿ ಮತ್ತು ಅಲ್ಲಿ ಹೆಚ್ಚಿನ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ರಾಜ್ಯಭಾಷೆ ಅಂತ ಅಲ್ಲಿ ಬರೆದಿಲ್ಲ, ಮಾರಾಯ್ರೆ. ಎಪ್ಪತ್ತು ವರ್ಷ ಹಳೆ ಮಾತು ಅದು. ಯಾರೂ ಬಳಸಲಿಲ್ಲ.

2025ರ ಅಕ್ಟೋಬರಿನಲ್ಲಿ ಕುಂಬಳೆ ಹತ್ತಿರ ಅನಂತಪುರದ ಪ್ಲೈವುಡ್ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದದ್ದು ನಿಮಗೆಲ್ಲ ನೆನಪಿರಬಹುದು. ಸತ್ತದ್ದು ಅಸ್ಸಾಂನ ಹುಡುಗ. ಮರುದಿನ ನಮ್ಮಲ್ಲಿ ಒಬ್ಬ ಭಾಯಿ ಬಂದು ಬಾಯ್ಲರ್ ಕೋಣೆ ತೋರಿಸಿ "ಇದು ಸರಿ ಇದೆಯಾ?" ಎಂದು ಕೈಸನ್ನೆಯಲ್ಲಿ ಕೇಳಿದ. ಗೋಡೆಯಲ್ಲಿ ಸರ್ಟಿಫಿಕೇಟ್ ಇತ್ತು, ಅದನ್ನು ತೋರಿಸಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ನಾನು ಹಿಂದಿಯಲ್ಲಿ "ಠೀಕ್ ಹೈ" ಎಂದೆ. ಅದಕ್ಕಿಂತ ಹೆಚ್ಚು ಹೇಳುವಷ್ಟು ಹಿಂದಿ ನನಗೆ ಬರುವುದಿಲ್ಲ.

ಗಡಿನಾಡ ಕಿಡಿ:

ಕನ್ನಡದಲ್ಲಿ ಒಂದು ರೇಷನ್ ಫಾರ್ಮ್ ಸಿಗದ ಊರಲ್ಲಿ ಸೇಫ್ಟಿ ಬೋರ್ಡ್ ಕೇಳುವುದಾ! ಮೊದಲು ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಿ ಎಂದ ಮಹಾಜನ ವರದಿ ಜಾರಿ ಆಗಲಿ.

ಸುರಂಗದ ನೀರು, ಪೆರ್ಲ:

ಮಹಾಜನ ಆಯೋಗದ ವರದಿ 1967ರದ್ದು. ಅದು ಜಾರಿ ಆಗುವವರೆಗೆ ಸಾರವೆ ಹಗ್ಗ ಬದಲಿಸದೆ ಕೂರಲು ಆಗುವುದಿಲ್ಲ. ಗಡಿ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ನಾನೂ ಬರುತ್ತೇನೆ.

ಮೈಲುತುತ್ತು, ನೀರ್ಚಾಲು:

ಎಲ್ಲರೂ ಕೆಲಸಗಾರರ ಬದಿಯಿಂದ ಬರೆದಿದ್ದೀರಿ. ಮೂರು ಎಕರೆ ಅಡಿಕೆ ಇರುವ ನನ್ನಂಥವನ ಬದಿಯೂ ಕೇಳಿ.

ನಮ್ಮಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತು ಯಾವುದು? ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಅಂದರೆ ಜಡಿಮಳೆಯ ಆಟಿ ತಿಂಗಳಲ್ಲಿ. ಮರಕ್ಕೆ ಪಾಚಿ ಹಿಡಿದು ಸೋಪು ಹಚ್ಚಿದ ಹಾಗೆ ಇರುತ್ತದೆ. ಮರ ಹತ್ತಲೇ ಬಾರದ ದಿನಗಳಲ್ಲೇ ಹತ್ತಲೇಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೆಳಗೆ ನಾನು ಪಂಪ್ ಹತ್ತಿರ, ಮೇಲೆ ಮದ್ದು ಬಿಡುವವನು, ಕಾಲಿಗೆ ತಳೆ (ಮರ ಹತ್ತುವ ಬಳೆ), ಕೈಯಲ್ಲಿ ಗನ್. ಅಡಿಕೆ ಗೊನೆಗೆ ಹೊಡೆದ ನೀಲಿ ಮದ್ದು ಅವನ ಮುಖಕ್ಕೇ ಇಳಿಯುತ್ತದೆ. ಒಂದು ಮರದಿಂದ ಇಳಿಯುವುದಿಲ್ಲ, ಮೇಲೆಯೇ ಬಾಗಿಸಿ ಪಕ್ಕದ ಮರ ಹಿಡಿಯುತ್ತಾನೆ. ಕೆಳಗೆ ನಿಂತ ನನ್ನ ಹೊಟ್ಟೆಯಲ್ಲಿ ಆ ಕ್ಷಣ ಏನೋ ಆಗುತ್ತದೆ, ಪ್ರತಿ ಸಲ. ಮೂವತ್ತು ವರ್ಷ ಆದರೂ ರೂಢಿ ಆಗಿಲ್ಲ.

ದೋಟಿ (ನೆಲದಲ್ಲೇ ನಿಂತು ಗೊನೆಗೆ ಮುಟ್ಟಿಸುವ ಉದ್ದ ಕೋಲು) ಬಂದ ಮೇಲೆ ಮರ ಹತ್ತುವುದು ಕಡಿಮೆ ಆಯಿತು ನಿಜ. ಆದರೆ ದೋಟಿ ತಂದ ಇನ್ನೊಂದು ಸಾವು ಉಂಟು: ಕರೆಂಟ್ ಲೈನು. ಅಲ್ಯುಮಿನಿಯಂ ದೋಟಿ ತಂತಿಗೆ ತಾಗಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರ್ ದೋಟಿಗೆ ಶಾಕ್ ಹೊಡೆಯುವುದಿಲ್ಲ ಎಂದು ನಂಬಿದವರು ಮಾತ್ರ ಈಗಲೂ ಇದ್ದಾರೆ. ಕಾರ್ಬನ್ನಿನಲ್ಲೂ ಕರೆಂಟ್ ಹರಿಯುತ್ತದೆ. ಬೇರೆ ಏನೂ ನೆನಪಿಡದಿದ್ದರೂ ಇದೊಂದು ಇಟ್ಟುಕೊಳ್ಳಿ.

ಈಗ ಪ್ರಶ್ನೆ. ಹತ್ತು ಜನರ ಗೆರೆ ತಪ್ಪು ಎಂದರೆ ಒಬ್ಬನೇ ಕೆಲಸಗಾರ ಇದ್ದರೂ ಕಾನೂನು ಬರಬೇಕು ಎಂದಾಯಿತು. ಅವನು ಬಿದ್ದರೆ ನಾನು ಜೈಲಿಗಾ? ಅವನು ನನ್ನ ಆಳಲ್ಲ. ವರ್ಷಕ್ಕೆ ನಾಲ್ಕು ದಿನ ನನ್ನಲ್ಲಿ, ಉಳಿದ ದಿನ ಇಪ್ಪತ್ತು ತೋಟಗಳಲ್ಲಿ. ನಾನು ಅವನಿಗೆ ಹೇಳಿಕೊಡುವಂಥದ್ದು ಏನೂ ಇಲ್ಲ, ಮರ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಪ್ಲಾಂಟೇಶನ್ ಕಾಯ್ದೆ ಇದ್ದದ್ದು 5 ಹೆಕ್ಟೇರ್, 15 ಜನ ಇದ್ದವರಿಗೆ. ಅದರಲ್ಲಿ ಹೆಸರು ಹಿಡಿದು ಬರೆದದ್ದು ಚಹಾ, ಕಾಫಿ, ರಬ್ಬರ್‌ನಂಥ ಬೆಳೆಗಳನ್ನು. ನಮ್ಮ ತೋಟಗಳನ್ನು ಯಾರೂ ಕೆಲಸದ ಜಾಗ ಅಂತ ನೋಡಲೇ ಇಲ್ಲ.

ವಿಮೆ ಮಾಡಿ ಎಂದರೆ ಮಾಡುತ್ತೇನೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಅಂತ ವಿಮೆ ಉಂಟು. ಅಡಿಕೆಗೂ ಅಂಥದ್ದು ಬರಲಿ, ನನ್ನ ಪಾಲು ಕೊಡಲು ಸಿದ್ಧ. ಕೇಸು ಹಾಕುತ್ತೇನೆ ಎಂದರೆ ನಾಳೆಯಿಂದ ಮದ್ದು ಬಿಡಿಸುವುದೇ ಇಲ್ಲ. ಅಡಿಕೆ ಉದುರಲಿ.

ಕಜಂಪಾಡಿ, ಪಡ್ರೆ:

ಮೈಲುತುತ್ತು ಅಣ್ಣನ ಭಯ ಅರ್ಥ ಆಗುತ್ತದೆ. ಆದರೆ ತೋಟ ಕೆಲಸದ ಜಾಗ ಹೌದೋ ಅಲ್ಲವೋ ಎನ್ನುವ ಪ್ರಶ್ನೆಗೆ ನಮ್ಮೂರು ತೆತ್ತ ಬೆಲೆ ನಿಮಗೂ ಗೊತ್ತು.

ಎಪ್ಪತ್ತರ ದಶಕದ ಕೊನೆಯಿಂದ 2000ದ ಕೊನೆಯವರೆಗೆ ನಮ್ಮ ಗುಡ್ಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಬಾವಿ ಮುಚ್ಚಿ ಎಂದು ಹೇಳುತ್ತಿದ್ದರು. ಅಜ್ಜ ತೆಂಗಿನ ಮಡಲು ಹಾಕಿ ಮುಚ್ಚುತ್ತಿದ್ದರಂತೆ. ಮಡಲಿನ ಸಂದಿಯಲ್ಲಿ ಸೂರ್ಯನ ಬೆಳಕು ಬೀಳುವಾಗ ಮದ್ದು ಬೀಳುವುದಿಲ್ಲವಾ? ಸುರಂಗದ ಬಾಯಿಗೆ ಎಂತ ಮುಚ್ಚುವುದು? ನೀರು ಗುಡ್ಡದ ಒಳಗಿಂದಲೇ ಅಲ್ವಾ ಬರುವುದು.

ಎಲ್ಲರೂ ಊರಿನವರ ಬಗ್ಗೆ ಮಾತಾಡುತ್ತಾರೆ, ಮಾತಾಡಲೇಬೇಕು. ಆದರೆ ಆ ಮದ್ದನ್ನು ಡ್ರಮ್ಮಿನಲ್ಲಿ ಕಲಸಿದವರು, ಹೆಲಿಕಾಪ್ಟರಿಗೆ ತುಂಬಿಸಿದವರು, ಮರುದಿನ ಅದೇ ಮರದಡಿ ಕೆಲಸಕ್ಕೆ ಹೋದವರು, ಅವರು ಕೆಲಸಗಾರರು. ವಿಷ ಮೊದಲು ತಾಗಿದ್ದು ಅವರಿಗೆ.

ಕಾನೂನು ಇರಲಿಲ್ಲವಾ? ಇತ್ತು. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು. ಮದ್ದು ಮುಟ್ಟುವವರಿಗೆ ರಕ್ಷಣೆಯ ಬಟ್ಟೆ, ಉಸಿರಾಟದ ಮುಖವಾಡ, ಡಾಕ್ಟರ್ ತಪಾಸಣೆ, ತರಬೇತಿ, ಎಲ್ಲ ಬರೆದಿತ್ತು. ಹೆಲಿಕಾಪ್ಟರ್ ಬರುವ ಮೊದಲೇ ಬರೆದಿತ್ತು. ಪ್ಲಾಂಟೇಶನ್ ಕಾಯ್ದೆಗೆ ಕೀಟನಾಶಕದ ಸುರಕ್ಷತೆಯ ಅಧ್ಯಾಯ ಸೇರಿಸಿದ್ದು 2010ರಲ್ಲಿ. ನಮ್ಮಲ್ಲಿ ಹೆಲಿಕಾಪ್ಟರ್ ನಿಂತು ಹತ್ತು ವರ್ಷದ ಮೇಲೆ. ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ 5 ಲಕ್ಷ ಕೊಡಿ ಎಂದು ಹೇಳಿದ್ದು 2017ರ ಜನವರಿಯಲ್ಲಿ.

ಭೋಪಾಲದ ನಂತರವೂ ಹೀಗೇ ಆಯಿತು. 1984ರಲ್ಲಿ ಅನಿಲ ಸೋರಿತು, 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ಅಪಾಯಕಾರಿ ಕೆಲಸದ ಅಧ್ಯಾಯ ಸೇರಿತು. ಹಾಗಾಗಿ ಹೊಸ ಸಂಹಿತೆಯಲ್ಲಿ ಒಳ್ಳೆಯ ಸಾಲು ಎಷ್ಟಿದೆ ಅಂತ ಯಾರಾದರೂ ಎಣಿಸಿ ತೋರಿಸಿದರೆ ನನಗೆ ಉತ್ಸಾಹ ಬರುವುದಿಲ್ಲ. ಇನ್‌ಸ್ಪೆಕ್ಟರ್ ಎನ್ನುವ ಹೆಸರಿಗೆ ಈಗ ಫೆಸಿಲಿಟೇಟರ್ ಎಂದೂ ಬಾಲ ಸೇರಿಸಿದ್ದಾರೆ. ಯಾವ ಕಡೆ ಹೋಗಬೇಕೆಂದು ಕಂಪ್ಯೂಟರ್ ಚೀಟಿ ಎತ್ತುತ್ತದಂತೆ. ಚೀಟಿಯಲ್ಲಿ ಪಡ್ರೆ ಬರುವುದು ಯಾವಾಗ?

ಕೋರ್ಟ್ ರಸ್ತೆ, ಕಾಸರಗೋಡು:

ವಕೀಲಿ ಮಾಡುತ್ತೇನೆ, ಹೆಚ್ಚಿನದು ಅಪಘಾತದ ಕೇಸುಗಳು. ಮೂರು ವಿಷಯ ಸ್ಪಷ್ಟ ಮಾಡುತ್ತೇನೆ.

ಸುರಂಗದ ನೀರು ಅವರೇ, ನಿಮ್ಮ ಭಾವನ ವಿಷಯದಲ್ಲಿ ತಲೆ ಲೆಕ್ಕ ಅಡ್ಡ ಬರುತ್ತಿರಲಿಲ್ಲ. ಪರಿಹಾರಕ್ಕೆ ಇದ್ದದ್ದು 1923ರ ಕಾಯ್ದೆ, ಅದರಲ್ಲಿ ಇಷ್ಟು ಜನ ಇರಬೇಕೆಂದು ಇಲ್ಲ. ಕಟ್ಟಡ ಕೆಲಸ ಅದರ ಪಟ್ಟಿಯಲ್ಲಿತ್ತು. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಹೋಗಿದೆ. ಇದೇ ನನಗೆ ವಿಚಿತ್ರ ಎನಿಸುವುದು. ಬಿದ್ದ ಮೇಲೆ ಪರಿಹಾರ ಕೇಳಲು ಒಬ್ಬ ಸಾಕು. ಬೀಳದ ಹಾಗೆ ನೋಡಿಕೊಳ್ಳಿ ಎನ್ನಲು ಹತ್ತು ಜನ ಬೇಕು.

ದುಡ್ಡಿನ ಲೆಕ್ಕ ಹೇಳುತ್ತೇನೆ, ಹಳೆ ಕಾಯ್ದೆಯ ಪ್ರಕಾರ. ಸತ್ತರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿನ ಅಂಶದಿಂದ ಗುಣಿಸಬೇಕು. 30 ವರ್ಷಕ್ಕೆ ಆ ಅಂಶ 207.98. ಸಂಬಳ ಎಷ್ಟೇ ಇರಲಿ, 2020ರಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ತಿಂಗಳಿಗೆ 15,000. ಅರ್ಧ 7,500. ಗುಣಿಸಿದರೆ 15,59,850 ರೂಪಾಯಿ. ದಿನಕ್ಕೆ ಸಾವಿರ ದುಡಿಯುವ ಮೇಸ್ತ್ರಿಗೂ ಇದೇ. ಕಡಿಮೆ ಎನ್ನಿ, ಆದರೆ ಅದೂ ಸಿಗುವುದು ಎಷ್ಟು ಮನೆಗೆ? ಅರ್ಜಿ ಹಾಕಲು ಎರಡು ವರ್ಷ ಇರುತ್ತದೆ, ನಮ್ಮಲ್ಲಿ ಬರುವವರು ಮೂರನೇ ವರ್ಷದ ವರ್ಷಾಂತಿಕ ಮುಗಿಸಿ ಬರುತ್ತಾರೆ. ತಡ ಆಯಿತು ಅಂತ ಸುಮ್ಮನಾಗಬೇಡಿ, ಸರಿಯಾದ ಕಾರಣ ಇದ್ದರೆ ತಡವಾದ ಅರ್ಜಿಯನ್ನೂ ತೆಗೆದುಕೊಳ್ಳಬಹುದು. ಆಸ್ಪತ್ರೆ ಚೀಟಿ ತಪ್ಪಿದ್ದರೂ ಎಲ್ಲ ಮುಗಿಯಿತು ಅಂತಲ್ಲ. ಗೂಗಲ್ ಪೇಯಲ್ಲಿ ಕೂಲಿ ಬಂದದ್ದು, ವಾಟ್ಸಾಪಿನಲ್ಲಿ "ನಾಳೆ ಬೇಗ ಬಾ" ಎಂದ ಮೆಸೇಜು, ಜೊತೆ ಕೆಲಸದವರ ಸಾಕ್ಷಿ, ಇವೆಲ್ಲ ನಡೆಯುತ್ತವೆ. ಅಳಿಸಬೇಡಿ.

ಬೆಳಿಗ್ಗೆ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರಿಗೂ ಒಂದು ಮಾತು. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಅಪಘಾತವನ್ನು ಹೊಸ ಸಂಹಿತೆ ಸೇರಿಸಿಕೊಂಡಿದೆ, ಆ ದಾರಿಗೂ ಕೆಲಸಕ್ಕೂ ಸಂಬಂಧ ತೋರಿಸಬೇಕು.

ಇನ್ನು ಮುಖ್ಯವಾದದ್ದು. ಸುರಕ್ಷತಾ ಸಂಹಿತೆಯಲ್ಲಿ ಒಂದು ಸಣ್ಣ ಬಾಗಿಲು ಉಂಟು. ಜೀವಕ್ಕೆ ಅಪಾಯ ಇರುವ ಕೆಲಸ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿದರೆ ಒಬ್ಬನೇ ಕೆಲಸಗಾರ ಇದ್ದರೂ ಕಾನೂನು ಅನ್ವಯಿಸುತ್ತದೆ. ಬಾಗಿಲು ತೆರೆಯಬೇಕಾದರೆ ಯಾರಾದರೂ ತಟ್ಟಬೇಕು. ಯಾವ ಕೆಲಸ ಅಂತ ಹೆಸರು ಹಿಡಿದು ಹೇಳಬೇಕು.

ಮೈಲುತುತ್ತು ಅವರಿಗೆ: ಅಧಿಸೂಚನೆ ಬಂದರೆ ತೋಟದ ಯಜಮಾನನಿಗೆ ಏನೂ ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಕರ್ತವ್ಯ ಎಂದರೆ ತಕ್ಷಣ ಜೈಲು ಎಂದಲ್ಲ. ಬೆಲ್ಟ್ ಕೊಟ್ಟಿದ್ದೀರಾ, ಲೈನಿನ ಹತ್ತಿರ ಕೆಲಸ ನಿಲ್ಲಿಸಿದ್ದೀರಾ, ವಿಮೆ ಉಂಟಾ ಎನ್ನುವುದನ್ನು ಮೊದಲು ನೋಡುತ್ತಾರೆ.

ಸುರಂಗದ ನೀರು, ಪೆರ್ಲ:

ವಕೀಲ್ರೇ, ಆ ಬಾಗಿಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎರಡು ಸಲ ಓದಿದ್ದೆ, ಆದರೂ.

ಹಾಗಾದರೆ ಪಟ್ಟಿ ಮಾಡಿ ಸರ್ಕಾರಕ್ಕೆ ಅರ್ಜಿ ಕೊಡೋಣ. ನನ್ನ ಕಡೆಯಿಂದ ಮೊದಲನೆಯದು ನಾನು ಹೆಸರಿಟ್ಟುಕೊಂಡ ಕೆಲಸವೇ: ಸುರಂಗ ತೋಡುವುದು. ಹೊರಗಿನವರಿಗೆ ಗೊತ್ತಿಲ್ಲದಿದ್ದರೆ, ಗುಡ್ಡದ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದು ನೀರು ತರುವುದು. ಒಬ್ಬ ಬಗ್ಗಿ ಹೋಗುವಷ್ಟೇ ಜಾಗ. ಅಜ್ಜ ತೋಡುವಾಗ ಕ್ಯಾಂಡಲ್ ಹಚ್ಚಿಟ್ಟುಕೊಳ್ಳುತ್ತಿದ್ದರು. ಬೆಳಕಿಗೂ ಅದೇ, ಗಾಳಿ ಉಂಟಾ ಅಂತ ನೋಡಲೂ ಅದೇ. ಜ್ವಾಲೆ ಸಣ್ಣ ಆಯಿತು ಎಂದರೆ ಹಾರೆ ಅಲ್ಲೇ ಬಿಟ್ಟು ಹಿಂದೆ. ಅವರ ಸೇಫ್ಟಿ ಆಫೀಸರ್ ಎಂದರೆ ಆ ಕ್ಯಾಂಡಲ್ ಒಂದೇ.

ಬಾವಿ ಕೆಲಸವನ್ನೂ ಸೇರಿಸಬೇಕು. ಹಳೆ ಬಾವಿಗೆ ಇಳಿದವನು ಮೇಲೆ ಬರಲಿಲ್ಲ ಎಂದು ಇನ್ನೊಬ್ಬ ಇಳಿಯುವುದು, ಇಬ್ಬರೂ ಉಳಿಯದೇ ಇರುವುದು, ಎಷ್ಟು ಸಲ ಪೇಪರಿನಲ್ಲಿ ಓದಿಲ್ಲ ನಾವು.

ಕೆಂಪು ಕಲ್ಲಿನ ಕೋರೆಯನ್ನೂ ಹಾಕಿ. ಹಳೆ ಗಣಿ ಕಾಯ್ದೆಯ 3ನೇ ಸೆಕ್ಷನ್ ನೋಡಿ: ಮುರಕಲ್ಲು ತೆಗೆಯುವ ಕೋರೆ 6 ಮೀಟರಿಗಿಂತ ಆಳ ಇಲ್ಲ, 50 ಜನಕ್ಕಿಂತ ಜಾಸ್ತಿ ಇಲ್ಲ, ಮದ್ದುಗುಂಡು ಬಳಸಿಲ್ಲ ಎಂದಾದರೆ ಕಾಯ್ದೆಯ ಹೆಚ್ಚಿನ ಭಾಗ ಅನ್ವಯಿಸುವುದಿಲ್ಲ. ನಮ್ಮ ಕೋರೆಗಳ ಅಳತೆ ತೆಗೆದುಕೊಂಡೇ ಬರೆದ ಹಾಗಿದೆ. ಮೆಶಿನ್ ಬಂದ ಮೇಲೆ ಅಲ್ಲಿನ ದೂಳು ನೋಡಿದ್ದೀರಲ್ಲ. ಸಂಜೆ ಕೋರೆಯಿಂದ ಬರುವ ಹುಡುಗರ ರೆಪ್ಪೆಯೂ ಕೆಂಪು.

ಬೀಡಿ ಎಲೆ, ಉಪ್ಪಳ:

ಪಟ್ಟಿಯಲ್ಲಿ ಎಲ್ಲ ಗಂಡಸರ ಕೆಲಸವೇ ಆಯಿತು. ಬೀಳುವುದು, ಮುಳುಗುವುದು, ಸಿಡಿಯುವುದು. ನಿಧಾನಕ್ಕೆ ಕೊಲ್ಲುವುದನ್ನೂ ಬರೆಯಿರಿ. ಹೊಗೆಸೊಪ್ಪಿನ ಪುಡಿ ಬರೆಯಿರಿ. ಗೇರುಬೀಜ ಒಡೆಯುವವರ ಕೈ ಬರೆಯಿರಿ. ಸಿಪ್ಪೆಯ ಎಣ್ಣೆ ಬೆರಳನ್ನು ಸುಟ್ಟು ಕಪ್ಪು ಮಾಡುತ್ತದೆ, ಬೂದಿ ಹಚ್ಚಿಕೊಂಡು ಒಡೆಯುತ್ತಾರೆ. ನನ್ನ ದೊಡ್ಡಮ್ಮನಿಗೆ ಆಧಾರ್ ಮಾಡಿಸುವಾಗ ಬೆರಳಚ್ಚು ಬೀಳಲಿಲ್ಲ.

ಬಟ್ಟೆ ಅಂಗಡಿಯ ಹುಡುಗಿಯರಿಗೆ ಕೂರಲು ಸ್ಟೂಲ್ ಕೊಡಬೇಕೆಂದು 2018ರಲ್ಲಿ ಕೇರಳವೇ ಕಾನೂನು ತಂದದ್ದಲ್ವಾ? ಅದು ಯಾರೂ ಬಿದ್ದು ಸತ್ತದ್ದಕ್ಕೆ ಬಂದದ್ದಲ್ಲ. ಹೆಂಗಸರು ವರ್ಷಗಟ್ಟಲೆ ಕೂಗಿದ್ದಕ್ಕೆ ಬಂತು. ಈಗಲೂ ಕೆಲವು ಅಂಗಡಿಯಲ್ಲಿ ಸ್ಟೂಲ್ ಮೇಲೆ ಬಟ್ಟೆ ಬಂಡಲ್ ಇಟ್ಟಿರುತ್ತಾರೆ, ಅದು ಬೇರೆ ಮಾತು.

ಶಿಫ್ಟ್ ಬಿ, ಮಂಜೇಶ್ವರ:

ಬೆರಳಚ್ಚಿನ ಮಾತು ಅರ್ಜಿಯಲ್ಲಿ ಇರಲಿ. ಬೋರ್ಡಿನ ಭಾಷೆಯ ವಿಷಯವನ್ನೂ ಸೇರಿಸಿ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಮೊನ್ನೆ ನಾನೇ ಒಬ್ಬ ಭಾಯಿಯನ್ನು ಕೂರಿಸಿ "ಕೈ ಹಾಕಬೇಡ" ಎನ್ನುವುದನ್ನು ಅವನ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆಸಿ ಪ್ರೆಸ್ಸಿಗೆ ಅಂಟಿಸಿದೆ. ಮ್ಯಾನೇಜರ್ ನೋಡಿ "ಇದೇನು ಬರೆದಿದೆ?" ಎಂದರು. ನನಗೂ ಓದಲು ಬರುವುದಿಲ್ಲ ಸರ್ ಎಂದೆ.

ಮೈಲುತುತ್ತು, ನೀರ್ಚಾಲು:

ಸರಿ, ಅಡಿಕೆ ಮರವನ್ನೂ ಪಟ್ಟಿಗೆ ಹಾಕಿ. ಒಂದು ಷರತ್ತು: ವಿಮೆ ಮೊದಲು, ಕೇಸು ಆಮೇಲೆ. ವಿಮೆ ಕಂತಿನಲ್ಲಿ ಪಂಚಾಯತಿಗೂ ಪಾಲು ಇರಬೇಕು ಅಂತ ಬರೆಯಿರಿ. ಅವನು ಇಪ್ಪತ್ತು ತೋಟದವನು, ಇಪ್ಪತ್ತು ಜನರನ್ನು ನಾನು ಎಲ್ಲಿ ಹುಡುಕಲಿ.

ಕೋರ್ಟ್ ರಸ್ತೆ, ಕಾಸರಗೋಡು:

ಕೆಲಸಗಾರನ ಹೆಸರಿನಲ್ಲೇ ವಿಮೆ, ಕರೆದವರು ದಿನದ ಲೆಕ್ಕದಲ್ಲಿ ಕಂತು ಕೊಡುವುದು ಅಂತ ಬರೆಯಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಅರ್ಜಿ ಕನ್ನಡದಲ್ಲೂ ಮಲಯಾಳದಲ್ಲೂ ಹೋಗಲಿ. ಮಲಯಾಳ ನಾನು ನೋಡಿಕೊಳ್ಳುತ್ತೇನೆ.

ಸುರಂಗದ ನೀರು, ಪೆರ್ಲ:

ಕನ್ನಡ ಪ್ರತಿ ಕಜಂಪಾಡಿಯವರು ಬರೆದರೆ ಚೆನ್ನಾಗಿರುತ್ತದೆ. ಭಾನುವಾರ ಮೂರು ಗಂಟೆಗೆ ಪೆರ್ಲ ಪೇಟೆಯಲ್ಲಿ ಸೇರೋಣವಾ? ಭಾವನೂ ಬರುತ್ತಾರೆ. ಮೆಟ್ಟಿಲು ಇಲ್ಲದ ಜಾಗ ಬೇಕು.

ಮುಳ್ಳೇರಿಯ ಮೇಸ್ತ್ರಿ:

ನಾನು ಪಿಕಪ್ ತರುತ್ತೇನೆ, ಅವರನ್ನು ಮನೆಯಿಂದಲೇ ಕರೆದುಕೊಂಡು ಬರಬಹುದು. ಬೆಲ್ಟ್ ಒಗೆದು ಹಾಕಿದ್ದೇನೆ. ಒಂದರ ಹೊಲಿಗೆಯನ್ನು ಇಲಿ ಕಡಿದಿದೆ, ಅದನ್ನು ಹಾಕಬಾರದಂತೆ, ಅಂಗಡಿಯವನು ಹೇಳಿದ. ಇನ್ನೊಂದು ಸರಿ ಇದೆ. ನಾಳೆ ಕುಂಟಾರಿನಲ್ಲಿ ಸನ್‌ಶೇಡ್ ಸಾರಣೆ ಉಂಟು, ಮೀಟರ್ ಲೆಕ್ಕ ಬಿಟ್ಟು ದಿನಗೂಲಿಗೆ ಮಾತಾಡಿದ್ದೇನೆ. ಹುಡುಗ ಕೊಂಡಿ ಹಾಕುತ್ತಾನಾ ನೋಡಬೇಕು.